ಹಿಮದಲ್ಲಿ ಉಳಿದ ಹೊಗೆ

ಚರಿತ್ರೆ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಗುಡಿಯ ಎದುರಿನ ಶಾಸನದ ಕಲ್ಲು, ತಾಮ್ರಪಟ, ಹಳೆಯ ಕಡತ. ಆದರೆ ಬರವಣಿಗೆಯನ್ನು ಬಳಸದ ಜನರ ಚರಿತ್ರೆಯನ್ನು ಎಲ್ಲಿ ಹುಡುಕಬೇಕು? ಇಂದು ನಿಮ್ಮನ್ನು ಬಹಳ ದೂರದ ಒಂದು ಜಾಗಕ್ಕೆ ಕರೆದುಕೊಂಡು ಹೋಗುತ್ತೇವೆ. ಅದು ದಕ್ಷಿಣ ಧ್ರುವದ ಅಂಟಾರ್ಕ್ಟಿಕ. ಅಲ್ಲಿನ ಹಿಮದಲ್ಲಿ ಏಳುನೂರು ವರ್ಷಗಳ ಹಿಂದಿನ ಬೆಂಕಿಯ ಗುರುತು ಸಿಕ್ಕಿದೆ.

ಹಿಮದಲ್ಲಿ ಬೆಂಕಿಯ ಗುರುತೇ ಎಂದು ಕೇಳುತ್ತೀರಾ? ಸೌದೆ ಒಲೆಯ ಮೇಲಿನ ಜಂತಿಯನ್ನು ನೆನೆಸಿಕೊಳ್ಳಿ. ಹೊಗೆ ಹೊರಟುಹೋದರೂ ಇಲ್ಲಣ ಅಲ್ಲೇ ಜೋತುಬಿದ್ದಿರುತ್ತದೆ. ಕಾಡು ಉರಿದಾಗಲೂ ಹಾಗೆಯೇ. ಹೊಗೆಯಲ್ಲಿರುವ ಅತಿ ಸಣ್ಣ ಮಸಿಯ ಕಣಗಳು ಗಾಳಿಯಲ್ಲಿ ಸಾವಿರಾರು ಕಿಲೋಮೀಟರು ತೇಲಿಹೋಗಿ, ಧ್ರುವ ಪ್ರದೇಶದಲ್ಲಿ ಹಿಮದೊಡನೆ ನೆಲಕ್ಕಿಳಿಯುತ್ತವೆ. ಒಳನಾಡಿನ ಎತ್ತರದಲ್ಲಿ ಆ ಹಿಮ ಕರಗುವುದಿಲ್ಲ. ಮುಂದಿನ ವರ್ಷದ ಹಿಮ ಅದರ ಮೇಲೆ ಕೂರುತ್ತದೆ. ಭಾರಕ್ಕೆ ಅಡಿಯ ಪದರಗಳು ಗಟ್ಟಿ ಮಂಜುಗಡ್ಡೆಯಾಗುತ್ತವೆ.

ವಿಜ್ಞಾನಿಗಳು ಟೊಳ್ಳು ಬೈರಿಗೆಯಿಂದ ಇದನ್ನು ಕೊರೆದು, ಕಂಬದಂತಹ ತುಂಡುಗಳನ್ನು ಮೇಲೆತ್ತುತ್ತಾರೆ. ಯಾವ ಪದರ ಯಾವ ವರ್ಷದ್ದು ಎಂದು ತಿಳಿಯಲು ಬೇಸಿಗೆ, ಚಳಿಗಾಲಗಳಲ್ಲಿ ಬದಲಾಗುವ ರಾಸಾಯನಿಕಗಳನ್ನು ಎಣಿಸುತ್ತಾರೆ. ಜ್ವಾಲಾಮುಖಿಗಳು ಇಲ್ಲಿ ಮೈಲಿಗಲ್ಲಿನಂತೆ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಸಿಡಿದಾಗ ಎದ್ದ ಗಂಧಕದ ಆಮ್ಲ ಎರಡೂ ಧ್ರುವಗಳ ಹಿಮದಲ್ಲಿ ಕುಳಿತಿದೆ.

ಬೆಂಕಿಯ ಸಾಕ್ಷಿಗಳು ಒಂದೆರಡಲ್ಲ. 1992ರಲ್ಲಿ ಉತ್ತರದ ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಯಲ್ಲಿ ಅಮೋನಿಯಂ ಮತ್ತು ಫಾರ್ಮಿಕ್ ಆಮ್ಲ ಕೆಲವು ಪದರಗಳಲ್ಲಿ ಥಟ್ಟನೆ ಏರಿದ್ದನ್ನು ಕಂಡ ವಿಜ್ಞಾನಿಗಳು, ಇದು ಕಾಡ್ಗಿಚ್ಚಿನ ಬೆರಳಗುರುತೇ ಎಂದು ಕೇಳಿದ್ದರು. ಮುಂದೆ ಲೆವೊಗ್ಲೂಕೋಸಾನ್ ಎಂಬ ವಸ್ತುವನ್ನೂ ಅಳೆದರು. ಮರ, ಹುಲ್ಲುಗಳಲ್ಲಿರುವ ಸೆಲ್ಯುಲೋಸ್ ಸುಟ್ಟಾಗ ಅದು ಹುಟ್ಟುತ್ತದೆ. ಪೆಟ್ರೋಲು, ಡೀಸೆಲ್ ಉರಿದರೆ ಹುಟ್ಟದು. ಮಸಿಯನ್ನು ಅಳೆಯುವುದಕ್ಕೆ ಮಂಜಿನ ಕಂಬವನ್ನು ಬಿಸಿ ತಟ್ಟೆಯ ಮೇಲೆ ನಿಲ್ಲಿಸಿ ನಿಧಾನವಾಗಿ ಕರಗಿಸುತ್ತಾರೆ. ಆ ನೀರಿನಲ್ಲಿರುವ ಒಂದೊಂದು ಕಣವೂ ಲೇಸರ್ ಕಿರಣಕ್ಕೆ ಕಾದು ಮಿನುಗುತ್ತದೆ. ಆ ಮಿನುಗಿನಿಂದ ಮಸಿಯ ಲೆಕ್ಕ ಸಿಗುತ್ತದೆ.

ಈಗ ಮುಖ್ಯ ಕಥೆಗೆ ಬರೋಣ. ಅಂಟಾರ್ಕ್ಟಿಕ ಪರ್ಯಾಯದ್ವೀಪದ ತುದಿಯ ಬಳಿ ಜೇಮ್ಸ್ ರಾಸ್ ಎಂಬ ದ್ವೀಪವಿದೆ. 2008ರಲ್ಲಿ ಬ್ರಿಟಿಷ್ ತಂಡವೊಂದು ಅಲ್ಲಿ ಸುಮಾರು 364 ಮೀಟರು ಆಳಕ್ಕೆ ಕೊರೆಯಿತು. ಅಮೆರಿಕದ ಜೋಸೆಫ್ ಮ್ಯಾಕ್‌ಕಾನೆಲ್ ಮತ್ತು ಸಂಗಡಿಗರು ಅದರ ಮಸಿಯನ್ನು ಅಳೆದು, ಫಲಿತಾಂಶವನ್ನು 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸುಮಾರು 1300ರಿಂದ ಅಲ್ಲಿ ಮಸಿ ಏರತೊಡಗಿತ್ತು. ಹದಿನಾರು, ಹದಿನೇಳನೆಯ ಶತಮಾನಗಳ ಹೊತ್ತಿಗೆ ಅದು ಹಿಂದಿನದರ ಮೂರು ಪಟ್ಟಿನಷ್ಟಾಗಿತ್ತು. ಆದರೆ ಅಂಟಾರ್ಕ್ಟಿಕದ ಒಳನಾಡಿನ ಮಂಜಿನಲ್ಲಿ ಇಂತಹ ಏರಿಕೆ ಇರಲಿಲ್ಲ.

ಹಾಗಾದರೆ ಹೊಗೆ ಬಂದದ್ದು ಎಲ್ಲಿಂದ? ಗಾಳಿಯ ದಾರಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದಾಗ ಮೂರು ನಾಡುಗಳು ಉಳಿದವು: ಟಾಸ್ಮೇನಿಯಾ, ದಕ್ಷಿಣ ಅಮೆರಿಕದ ಪ್ಯಾಟಗೋನಿಯಾ, ನ್ಯೂಜಿಲೆಂಡ್. ಈ ನಾಡುಗಳ ಕೆರೆತಳದ ಕೆಸರಿನಲ್ಲಿ ಸಿಕ್ಕ ಇದ್ದಿಲ ಚೂರುಗಳನ್ನು ಹೋಲಿಸಿದರು. 1300ರ ಆಸುಪಾಸಿನಲ್ಲಿ ಬೆಂಕಿ ಹೆಚ್ಚಿದ್ದು ನ್ಯೂಜಿಲೆಂಡಿನಲ್ಲಿ. ಮಾವೋರಿ ಜನರ ಪೂರ್ವಿಕರು ದೋಣಿಗಳಲ್ಲಿ ಆ ನಾಡಿಗೆ ಬಂದು ನೆಲೆಸಿದ ಕಾಲವೂ ಅದೇ. ಸಿಡಿಲಿನ ಬೆಂಕಿ ಅಪರೂಪವಾಗಿದ್ದ ಆ ಕಾಡುಗಳಿಗೆ ಉರಿಯನ್ನು ತಡೆದುಕೊಂಡು ಗೊತ್ತಿರಲಿಲ್ಲ. ಯೂರೋಪಿಯನ್ನರು ಬರುವ ವೇಳೆಗೆ ಸುಮಾರು ಶೇಕಡ 40ರಷ್ಟು ಕಾಡು ಹೋಗಿತ್ತು. ಬಯಲಾದ ನೆಲದಲ್ಲಿ ಬೆಳೆದ ಜರೀಗಿಡದ ಗಡ್ಡೆಬೇರು ಜನರಿಗೆ ಆಹಾರವಾಯಿತು. ಆಮೇಲೆ ಬಂದ ಯೂರೋಪಿಯನ್ನರೂ ಹುಲ್ಲುಗಾವಲಿಗಾಗಿ ಉಳಿದ ಕಾಡಿಗೆ ಕೈ ಹಚ್ಚಿದರು ಎಂಬುದನ್ನು ಮರೆಯಬಾರದು.

ಇಷ್ಟಕ್ಕೇ ಕಥೆ ಮುಗಿಯಲಿಲ್ಲ. ಲೇಖನ ಹೊರಬಂದಾಗ ನ್ಯೂಜಿಲೆಂಡಿನ ವಿದ್ವಾಂಸರು, ಮಾವೋರಿ ವಿದ್ವಾಂಸರೂ ಸೇರಿದಂತೆ, ಆಕ್ಷೇಪಿಸಿದರು. ನಮ್ಮ ಹಿರಿಯರ ಬಗ್ಗೆ ಬರೆಯುವಾಗ ನಮ್ಮಲ್ಲಿ ಯಾರನ್ನೂ ಜೊತೆಗೆ ಸೇರಿಸಿಕೊಳ್ಳಲಿಲ್ಲವೇಕೆ ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ನಮ್ಮೂರಿನ ಕಥೆಯನ್ನು ದೂರದವರು ನಮ್ಮನ್ನು ಕೇಳದೆ ಬರೆದರೆ ಹೇಗಿರುತ್ತದೆಂದು ಗಡಿಯೂರಿನವರಾದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮಂಜುಗಡ್ಡೆ ಯಾವಾಗ, ಎಷ್ಟು ಎಂದು ಹೇಳಬಲ್ಲದು. ಯಾಕೆ ಸುಟ್ಟರು, ಆ ನೆಲವನ್ನು ಹೇಗೆ ನೋಡಿಕೊಂಡರು ಎಂಬುದನ್ನು ಅಲ್ಲಿಯ ಜನರಿಂದಲೇ ಕೇಳಿ ತಿಳಿಯಬೇಕು.

ಈ ಲೆಕ್ಕದಿಂದ ನಮಗೇನು ಎನ್ನಬಹುದು. ಕಾರ್ಖಾನೆಗಳು ಬರುವ ಮುಂಚೆ ಗಾಳಿಯಲ್ಲಿ ಮನುಷ್ಯನ ಹೊಗೆ ಇರಲೇ ಇಲ್ಲವೆಂಬ ಎಣಿಕೆ ಇತ್ತು. ಇಂದಿನ ಹವಾಮಾನ ಎಷ್ಟು ಕೆಟ್ಟಿದೆ ಎಂದು ಅಳೆಯುವುದಕ್ಕೆ ಅಂದಿನ ಗಾಳಿಯೇ ಅಳತೆಗೋಲು. ಕೋಲೇ ತಪ್ಪಿದ್ದರೆ ಅಳತೆಯೂ ತಪ್ಪುತ್ತದೆ. ಹಳೆಯ ಮಸಿಯನ್ನು ಅಷ್ಟು ಜತನದಿಂದ ಎಣಿಸುತ್ತಿರುವುದು ಅದಕ್ಕಾಗಿ.

ಅಂದು ಕಾಡು ಸುಟ್ಟವರು ಅಂಟಾರ್ಕ್ಟಿಕವನ್ನು ಕಂಡವರಲ್ಲ. ಆದರೂ ಹೊಗೆ ಸುಮಾರು ಏಳು ಸಾವಿರ ಕಿಲೋಮೀಟರು ಕಡಲು ದಾಟಿ ಹೋಗಿ ಅಲ್ಲಿ ಲೆಕ್ಕ ಬರೆಯಿತು. ಗಡಿಕಲ್ಲು ನೆಲಕ್ಕೆ ಮಾತ್ರ, ಗಾಳಿಗಲ್ಲ. ಸುಗ್ಗಿ ಮುಗಿದು ಹೊಲದ ಕೂಳೆಗೆ ಬೆಂಕಿ ಇಡುವ ಮುನ್ನ ಈ ಮಾತೊಂದು ನಿಮ್ಮ ನೆನಪಿನಲ್ಲಿರಲಿ.