ಶಸ್ತ್ರಕ್ಕೆ ಮುನ್ನ ಲಂಘನ

ತಾಳಿಕೋಟೆ ಎಂದೊಡನೆ ವಾಚಕರಿಗೆ ೧೫೬೫ರ ಜನವರಿಯ ಯುದ್ಧ ನೆನಪಾಗುವುದು ಸಹಜ. ಆ ಯುದ್ಧದ ವೃತ್ತಾಂತವನ್ನು ಪಾರಸಿಯಲ್ಲಿ ಬರೆದವರಲ್ಲಿ ಪ್ರಸಿದ್ಧನಾದ ಫಿರಿಸ್ತಾ, ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಹನ ಆಶ್ರಿತ. ಅವನು ಇತಿಹಾಸಕಾರನೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ವೈದ್ಯಗ್ರಂಥವೊಂದನ್ನೂ ಬರೆದನೆಂಬುದನ್ನು ಬಲ್ಲವರು ಕಡಿಮೆ. ‘ದಸ್ತೂರ್-ಉಲ್-ಅತಿಬ್ಬಾ’ ಎಂಬ ಆ ಪುಸ್ತಕದಲ್ಲಿ ಅವನು ಭಾರತದ ವೈದ್ಯರ ಮತವನ್ನು ಪಾರಸಿ ಬಲ್ಲವರಿಗೆ ತಿಳಿಸಹೊರಟನು. ಹಕೀಮರ ವಿದ್ಯೆಯೂ ವೈದ್ಯರ ವಿದ್ಯೆಯೂ ನಮ್ಮ ಜಿಲ್ಲೆಯಲ್ಲಿಯೇ ಹೀಗೆ ಒಂದನ್ನೊಂದು ಕಂಡುವು. ಆ ಎರಡು ವಿದ್ಯೆಗಳೂ ಒಪ್ಪಿದ ಒಂದು ಮಾತನ್ನು ಇಲ್ಲಿ ಎತ್ತಿಕೊಳ್ಳುತ್ತೇನೆ. ಅದು ಕತ್ತಿಯ ಮಾತಲ್ಲ, ತುತ್ತಿನ ಮಾತು.

ಅತಿಯಾಗಿ ದಪ್ಪನಾದವರ ಜಠರವನ್ನು ಕಿರಿದು ಮಾಡುವ ಶಸ್ತ್ರಚಿಕಿತ್ಸೆ ಈಗ ನಮ್ಮ ರಾಜ್ಯದಲ್ಲಿಯೂ ನಡೆಯುತ್ತಿದೆ. ಅದಕ್ಕೆ ಮುನ್ನ ಸಾಮಾನ್ಯವಾಗಿ ಎರಡು ವಾರ ರೋಗಿಯ ಊಟವನ್ನು ಬಿಡಿಸಿ, ಅಳತೆಯ ಪುಡಿಯನ್ನು ಕದಡಿದ ಪೇಯವನ್ನು ಹೊತ್ತುಹೊತ್ತಿಗೆ ಕೊಡುವರು. ಮನೆಯವರ ಸಂಕಟ ಆರಂಭವಾಗುವುದು ಆಗಲೇ. “ಕತ್ತರಿಗೆ ಹೋಗಾಂವ ಖಾಲಿ ಹೊಟ್ಟೀಲೆ ಹ್ಯಾಂಗ ಹೋಗ್ತಾನ? ಎರಡು ತುತ್ತು ಉಣ್ಣಪಾ” ಎಂದು ತಾಯಿ ರೊಟ್ಟಿ ಮುರಿದು ಮುಂದಿಡುತ್ತಾಳೆ. ಡೋಣಿ ಬಯಲಿನ ಬಿಳಿಜೋಳ ಉಂಡು ಬೆಳೆದ ನಾಡಿನಲ್ಲಿ ಇದು ಪ್ರೀತಿಯ ಮಾತೇ ಹೌದು. ಆದರೆ ಆ ಎರಡು ತುತ್ತು ಶಸ್ತ್ರವೈದ್ಯನ ಕೈ ಕಟ್ಟಬಲ್ಲುದು. ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಹಳಬರ ಮಾತು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅತಿಸ್ಥೂಲ ಮತ್ತು ಅತಿಕೃಶರನ್ನು ಕುರಿತ ಅಧ್ಯಾಯವೊಂದುಂಟು. ಇಬ್ಬರಲ್ಲಿ ಕೃಶನೇ ಮೇಲು, ಸ್ಥೂಲನ ಚಿಕಿತ್ಸೆ ಹೆಚ್ಚು ಕಷ್ಟ ಎಂದು ಅಲ್ಲಿ ಹೇಳಿದೆ. ಕಾರಣವೂ ಇದೆ: ಮೇದಸ್ಸು ದಾರಿಗಳನ್ನು ಕಟ್ಟುವುದರಿಂದ ವಾಯು ಕೋಷ್ಠದಲ್ಲಿಯೇ ಸುಳಿದು ಜಠರಾಗ್ನಿಯನ್ನು ಊದುತ್ತದೆ, ಹಸಿವು ಹೆಚ್ಚುತ್ತದೆ, ಕಾಡುಗಿಚ್ಚು ಕಾಡನ್ನು ಸುಡುವಂತೆ ಅವೆರಡೂ ಸ್ಥೂಲನನ್ನು ಸುಡುತ್ತವೆ. ಇಂಥವನಿಗೆ ಏನು ಕೊಡಬೇಕು? ಹೊಟ್ಟೆಗೆ ಗುರುವಾಗಿದ್ದು ಮೈಗೆ ಪುಷ್ಟಿ ಕೊಡದ ಆಹಾರ. ಬಾರ್ಲಿ, ಹೆಸರು, ಹುರುಳಿ, ಜೇನು ಬೆರೆಸಿದ ನೀರು ಅಲ್ಲಿ ಹೇಳಿದ ಪಥ್ಯಗಳು. ನಿದ್ದೆ ಕಡಿಮೆ ಮಾಡಿ ವ್ಯಾಯಾಮವನ್ನೂ ಚಿಂತನೆಯನ್ನೂ ಕ್ರಮಕ್ರಮವಾಗಿ ಹೆಚ್ಚಿಸಬೇಕೆಂದೂ ಇದೆ. ಚಿಂತನೆಯಿಂದ ಮೈ ಕರಗುವುದಾದರೆ, ಪರೀಕ್ಷೆಯ ಕಾಲದಲ್ಲಿ ನಮ್ಮ ಉಪಾಧ್ಯಾಯರೆಲ್ಲ ಕಡ್ಡಿಗಳಾಗಬೇಕಿತ್ತು!

ಪಶ್ಚಿಮದಲ್ಲಿ ಸುಮಾರು ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ಸ್ಥೂಲರಿಗೆ ವಿಧಿಸಿದ್ದೂ ಇದನ್ನೇ: ಗಾತ್ರದಲ್ಲಿ ಬಹಳ, ಪೋಷಣೆಯಲ್ಲಿ ಅಲ್ಪವಾದ ಆಹಾರ. ಬಿಜಾಪುರದ ಹಕೀಮರು ಓದಿದ ಪರಂಪರೆ ಇವನದು.

ಲಂಘನವೆಂದರೆ ಬರಿಯ ಉಪವಾಸವೆಂದು ನಾವು ತಿಳಿದಿದ್ದೇವೆ. ಚರಕನ ಲೆಕ್ಕದಲ್ಲಿ ಅದು ಹತ್ತು ಬಗೆ; ಮೈಯನ್ನು ಹಗುರಗೊಳಿಸುವುದೆಲ್ಲವೂ ಲಂಘನವೇ. ಇನ್ನು ಶಸ್ತ್ರಕ್ಕೂ ಊಟಕ್ಕೂ ಇರುವ ನಂಟನ್ನು ಸುಶ್ರುತ ಸ್ಪಷ್ಟವಾಗಿ ಹೇಳಿದ್ದಾನೆ. ಕೆಲವು ಶಸ್ತ್ರಕರ್ಮಗಳಿಗೆ ಮುನ್ನ ರೋಗಿಗೆ ಇಷ್ಟವಾದುದನ್ನು ಉಣಿಸಬೇಕು. ಆದರೆ ಉದರ, ಮೂಲವ್ಯಾಧಿ, ಕಲ್ಲು, ಭಗಂದರ, ಮೂಢಗರ್ಭ, ಬಾಯಿಯ ರೋಗ ಇವುಗಳಲ್ಲಿ ಉಣ್ಣದವನಿಗೇ ಶಸ್ತ್ರವಿಕ್ಕಬೇಕು. ಹೊಟ್ಟೆಯನ್ನು ಬಿಚ್ಚಿ, ತೂತಾದ ಕರುಳಿಗೆ ಕರಿಯ ಇರುವೆಗಳನ್ನು ಕಚ್ಚಿಸಿ ಕೂಡಿಸುವ ವಿಧಾನವನ್ನು ಬರೆದವನ ಮಾತಿದು. ಇಂದಿನ ಶಸ್ತ್ರಕ್ರಿಯೆ ಅಂದೇ ಇತ್ತೆಂದು ಹೊಗಳುವವರ ಗುಂಪಿಗೆ ನಾನು ಸೇರಿದವನಲ್ಲ. ಸ್ಥೂಲತೆಗಾಗಿ ಜಠರವನ್ನು ಕತ್ತರಿಸುವ ಮಾತು ಸುಶ್ರುತನಲ್ಲಿ ಇಲ್ಲ.

ಅದು ಹುಟ್ಟಿದ್ದು ಅಮೆರಿಕದಲ್ಲಿ. ೧೯೫೪ರಲ್ಲಿ ಮಿನೆಸೋಟದ ಕ್ರೆಮೆನ್, ಲಿನ್ನರ್ ಮೊದಲಾದವರು ಸಣ್ಣ ಕರುಳಿನ ಬಹುಭಾಗವನ್ನು ಬಳಸುದಾರಿಯಿಂದ ತಪ್ಪಿಸುವ ಕ್ರಮವನ್ನು ಪ್ರಕಟಿಸಿದರು. ಅಯೋವದ ಮೇಸನ್ ೧೯೬೬ರಲ್ಲಿ ಜಠರಕ್ಕೇ ಕೈ ಹಾಕಿದನು. ಪುಡಿಯ ಕಥೆ ಬೇರೆಯಾಗಿ ನಡೆಯುತ್ತಿತ್ತು. ಗಟ್ಟಿ ಆಹಾರ ಉಣ್ಣಲಾರದ ರೋಗಿಗಳಿಗಾಗಿ ಕೆನೆ ತೆಗೆದ ಹಾಲಿನ ಪುಡಿ, ಸೋಯಾ ಹಿಟ್ಟು ಮೊದಲಾದವುಗಳಿಂದ ಮಾಡಿದ ಸಸ್ಟಾಜೆನ್ ಎಂಬುದೊಂದಿತ್ತು. ಅದರ ತಳಹದಿಯ ಮೇಲೆ ಮೀಡ್ ಜಾನ್ಸನ್ ಕಂಪನಿ ೧೯೫೯ರಲ್ಲಿ ಮೆಟ್ರೆಕಾಲ್ ಎಂಬ ಪುಡಿಯನ್ನು ಮಾರಾಟಕ್ಕೆ ತಂದಿತು: ದಿನಕ್ಕೆ ನಾಲ್ಕು ಲೋಟ, ಒಟ್ಟು ೯೦೦ ಕ್ಯಾಲೊರಿ. ಬಡಕಲಾದವನನ್ನು ಉಳಿಸಲು ಮಾಡಿದ್ದು ಕೊಬ್ಬಿದವನನ್ನು ಇಳಿಸಲು ಬಂದಿತು!

ಎಲ್ಲ ಪುಡಿಯೂ ಒಂದೇ ಅಲ್ಲ. ೧೯೭೬ರಲ್ಲಿ ರಾಬರ್ಟ್ ಲಿನ್ ಎಂಬವನ ಪುಸ್ತಕದಿಂದ ‘ದ್ರವ ಪ್ರೋಟೀನು’ ಅಮೆರಿಕದಲ್ಲಿ ಹುಚ್ಚಿನಂತೆ ಹಬ್ಬಿತು. ಅದು ದನದ ತೊಗಲು, ಸ್ನಾಯುಗಳ ಸಾರ. ದೇಹಕ್ಕೆ ಅಗತ್ಯವಾದ ಅಂಶಗಳು ಅದರಲ್ಲಿ ಪೂರ್ಣವಾಗಿರಲಿಲ್ಲ. ತಿಂಗಳುಗಟ್ಟಲೆ ಅದನ್ನೇ ಕುಡಿದವರಲ್ಲಿ ೫೦ಕ್ಕೂ ಹೆಚ್ಚು ಮಂದಿ ಸತ್ತರು. ಹಲವರ ಹೃದಯ ಲಯ ತಪ್ಪಿ ನಿಂತಿತ್ತು. ಆದುದರಿಂದ ಪೇಟೆಯ ಅಂಗಡಿಯಲ್ಲಿ ಸಿಕ್ಕ ಡಬ್ಬಿಯನ್ನು ತಂದು ತಾವೇ ಲಂಘನ ಹೂಡುವುದು ಜಾಣತನವಲ್ಲ.

ಇನ್ನು ಶಸ್ತ್ರವೈದ್ಯನ ಕೈಯ ವಿಚಾರ. ಹೊಟ್ಟೆಯನ್ನು ಉದ್ದಕ್ಕೆ ಸೀಳದೆ ಸಣ್ಣ ರಂಧ್ರಗಳಿಂದ ಕೊಳವೆಗಳನ್ನು ತೂರಿಸಿ ಮಾಡುವ ಕ್ರಮ ೧೯೯೦ರ ದಶಕದಲ್ಲಿ ಬಂದಿತು. ಜಠರದ ಮೇಲೆ ಯಕೃತ್ತಿನ ಎಡಭಾಗ ಕವಿದುಕೊಂಡಿರುತ್ತದೆ. ಅದನ್ನು ಮೇಲೆತ್ತಿ ಹಿಡಿದೇ ಕೆಲಸ ಮಾಡಬೇಕು. ಸ್ಥೂಲರಲ್ಲಿ ಯಕೃತ್ತು ಕೊಬ್ಬು ತುಂಬಿ ಹಿಗ್ಗಿರುತ್ತದೆ. ಎತ್ತಹೋದರೆ ಹರಿದು ರಕ್ತ ಸುರಿಯಬಹುದು. ಎಷ್ಟೋ ಸಲ ಕೊಳವೆಯ ಕ್ರಮವನ್ನು ಬಿಟ್ಟು ಹೊಟ್ಟೆಯನ್ನೇ ತೆರೆಯಬೇಕಾದೀತು, ಇಲ್ಲವೆ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಬೇಕಾದೀತು. ಅಲ್ಪಕ್ಯಾಲೊರಿಯ ಪೇಯವನ್ನು ಕುಡಿದಾಗ ಯಕೃತ್ತು ಕೂಡಿಟ್ಟ ಗ್ಲೈಕೋಜನ್ ಮತ್ತು ಅದರೊಡನಿದ್ದ ನೀರು ಮೊದಲು ಖರ್ಚಾಗುತ್ತದೆ, ಕೊಬ್ಬೂ ಕರಗುತ್ತದೆ. ಆಸ್ಟ್ರೇಲಿಯದ ವೈದ್ಯರು ೩೨ ಮಂದಿಗೆ ೧೨ ವಾರ ಇಂಥ ಪೇಯ ಕೊಟ್ಟು ಅಳೆದು ೨೦೦೬ರಲ್ಲಿ ಪ್ರಕಟಿಸಿದರು: ಯಕೃತ್ತು ಕುಗ್ಗಿದ್ದರಲ್ಲಿ ನೂರಕ್ಕೆ ೮೦ ಪಾಲು ಮೊದಲ ಎರಡು ವಾರಗಳಲ್ಲಿಯೇ ಆಗಿತ್ತು. ಎರಡು ವಾರವೆಂಬ ಲೆಕ್ಕದ ಹಿಂದೆ ಇಷ್ಟು ವಿಚಾರವಿದೆ. ತಾಯಿ ಕದ್ದು ಉಣಿಸಿದ ರೊಟ್ಟಿ, ಹೋಳಿಗೆ ಇವು ಮತ್ತೆ ಆ ಯಕೃತ್ತನ್ನೇ ತುಂಬುತ್ತವೆ.

ಮಧುಮೇಹವುಳ್ಳವರ ಮನೆಯಲ್ಲಿ ಇನ್ನೊಂದು ಎಚ್ಚರ ಬೇಕು. ಊಟ ಇಳಿದ ಮೇಲೂ ಗುಳಿಗೆ, ಇನ್ಸುಲಿನ್‌ಗಳನ್ನು ಹಿಂದಿನ ಅಳತೆಯಲ್ಲಿಯೇ ತೆಗೆದುಕೊಂಡರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಪುಡಿಯ ಡಬ್ಬಿ ಮನೆಗೆ ಬಂದ ದಿನವೇ ಔಷಧದ ಅಳತೆಯನ್ನು ವೈದ್ಯರಲ್ಲಿ ಕೇಳಿ ಬರೆಸಿಕೊಳ್ಳಿರಿ.

ಶಸ್ತ್ರ ಮುಗಿದ ಮೇಲಿನ ಕ್ರಮವಂತೂ ನಮ್ಮ ಅಜ್ಜಿಯರಿಗೆ ಅಪರಿಚಿತವಲ್ಲ. ಶೋಧನೆಯಾದವನಿಗೆ ಮೊದಲು ತಿಳಿಗಂಜಿ, ಆಮೇಲೆ ಗಟ್ಟಿಗಂಜಿ, ಬಳಿಕ ಬೇಳೆಯ ಕಟ್ಟು, ಕಡೆಗೆ ಊಟ ಎಂದು ಚರಕ ಏರಿಕೆ ಹೇಳಿದ್ದಾನೆ. ಕಿಡಿಯಷ್ಟಿರುವ ಬೆಂಕಿಗೆ ಮೊದಲು ಹುಲ್ಲು, ಬೆರಣಿಯ ಚೂರು ಹಾಕಿ ಹೊತ್ತಿಸುವಂತೆ ಎಂಬುದು ಅವನ ಹೋಲಿಕೆ. ಆಸ್ಪತ್ರೆಯ ಚೀಟಿಯಲ್ಲಿಯೂ ತಿಳಿನೀರು, ದ್ರವ, ನುಣ್ಣಗೆ ಅರೆದದ್ದು, ಮೆತ್ತನೆಯದು ಎಂಬ ಮೆಟ್ಟಿಲುಗಳೇ ಇರುತ್ತವೆ. ನುಚ್ಚನ್ನು ಚೆನ್ನಾಗಿ ಬೇಯಿಸಿ ಮಜ್ಜಿಗೆಯಲ್ಲಿ ಕಲಸುವ ಹೊತ್ತಿಗೆ ಕೆಲವು ವಾರಗಳಾಗಿರುತ್ತವೆ. ಜೋಳದ ರೊಟ್ಟಿಯ ಸರದಿ ಅದಾದ ಮೇಲೆ, ಅದೂ ಚೂರುಚೂರಾಗಿ, ಬಹಳ ಹೊತ್ತು ಅಗಿದು.