ಹಾಸಿಗೆಯ ಲೆಕ್ಕ, ಬೀದಿಯ ಲೆಕ್ಕ

ಬೆಂಗಳೂರಿನ ಹಲಸೂರು ಮತ್ತು ಇಂದಿರಾನಗರದ ನಡುವಿನ ಜೋಗುಪಾಳ್ಯದಲ್ಲಿ ಎಷ್ಟು ಹೆಂಗಸರಿಗೆ ಸ್ತನ ಕ್ಯಾನ್ಸರ್ ಇದೆ ಎಂದು ನೂರು ವರ್ಷದ ಹಿಂದೆ ಕೇಳಿದ್ದರೆ ಉತ್ತರಿಸುವವರೇ ಇರಲಿಲ್ಲ. ದಂಡುಪ್ರದೇಶದಲ್ಲಿ ಆಸ್ಪತ್ರೆಗೇನೂ ಕೊರತೆಯಿರಲಿಲ್ಲ. 1860ರ ದಶಕದಲ್ಲೇ ಬೌರಿಂಗ್ ಆಸ್ಪತ್ರೆ ಎದ್ದಿತ್ತು, ಮುಂದೆ ಹೆಂಗಸರಿಗೆಂದೇ ಲೇಡಿ ಕರ್ಜನ್ ಆಸ್ಪತ್ರೆ ಅದಕ್ಕೆ ಸೇರಿತು. ಆದರೆ ಆಸ್ಪತ್ರೆಯ ದಫ್ತರಕ್ಕೆ ಗೊತ್ತಿರುವುದು ಬಾಗಿಲಿಗೆ ಬಂದವರಷ್ಟೇ. ಸಂಕೋಚದಿಂದಲೋ ಬಡತನದಿಂದಲೋ ಬಾರದೆ ಉಳಿದವರು ಯಾವ ಲೆಕ್ಕಕ್ಕೂ ಸೇರುತ್ತಿರಲಿಲ್ಲ. ಇದು ಬದಲಾದದ್ದು 1982ರಲ್ಲಿ. ಮದರಾಸಿನ ಜೊತೆಗೇ ಬೆಂಗಳೂರಿನಲ್ಲೂ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ ಕ್ಯಾನ್ಸರ್ ನೋಂದಣಿ ಶುರುವಾಯಿತು. ಅದರ ಸಿಬ್ಬಂದಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ದಾಖಲೆ ಹೆಕ್ಕಿದರು, ಸಾವಿನ ದಾಖಲೆಗಳನ್ನೂ ನೋಡಿದರು, ಊರಿನಲ್ಲಿ ಕನಿಷ್ಠ ಒಂದು ವರ್ಷ ನೆಲೆಸಿದವರನ್ನು ಮಾತ್ರ ಎಣಿಸಿದರು. ರೋಗಿಯ ವಿಳಾಸ ಮುಖ್ಯವಾದದ್ದು ಆಗಲೇ. ಮೊದಲು ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ಮುಂದಿತ್ತು, ಬರಬರುತ್ತ ಸ್ತನದ್ದು ಅದನ್ನು ಹಿಂದೆ ಹಾಕಿತು ಎಂಬುದು ತಿಳಿದದ್ದು ಈ ಲೆಕ್ಕದಿಂದ.

ಸ್ತನ ಕ್ಯಾನ್ಸರನ್ನು ಪತ್ತೆಹಚ್ಚಲು ರಕ್ತದಲ್ಲಿ ಹರಿದಾಡುವ ಮೈಕ್ರೋಆರ್‌ಎನ್‌ಎಗಳನ್ನು ಅಳೆಯುವ ಸಂಶೋಧನೆ, ನನ್ನ ಲೆಕ್ಕದಲ್ಲಿ, ಇನ್ನೂ ಬಾಗಿಲಿಗೆ ಬಂದವರನ್ನಷ್ಟೇ ಎಣಿಸುತ್ತಿದ್ದ ಬೌರಿಂಗ್ ಕಾಲದಲ್ಲೇ ಇದೆ. ಜೀನುಗಳ ಕೆಲಸವನ್ನು ಹತೋಟಿಯಲ್ಲಿಡುವ ಈ ಪುಟ್ಟ ಎಳೆಗಳಲ್ಲಿ ಮೊದಲನೆಯದು 1993ರಲ್ಲಿ ಒಂದು ಹುಳುವಿನಲ್ಲಿ ಸಿಕ್ಕಿತು. ಈ ಶೋಧಕ್ಕಾಗಿ ವಿಜ್ಞಾನಿಗಳಾದ ಆಂಬ್ರೋಸ್ ಮತ್ತು ರವ್‌ಕುನ್ ಅವರಿಗೆ 2024ರಲ್ಲಿ ನೊಬೆಲ್ ಬಂತು. ಗಡ್ಡೆಯ ಗುರುತು ರಕ್ತದಲ್ಲೂ ಸಿಗುತ್ತದೆಂದು 2008ರಲ್ಲಿ ಗೊತ್ತಾಯಿತು. 2010ರಲ್ಲಿ ಐರ್ಲೆಂಡಿನ ತಂಡವೊಂದು, ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಮಿಆರ್-195 ಎಂಬ ಮೈಕ್ರೋಆರ್‌ಎನ್‌ಎ ಹೆಚ್ಚಿದ್ದು ಶಸ್ತ್ರಚಿಕಿತ್ಸೆಯ ನಂತರ ಇಳಿಯಿತೆಂದು ವರದಿ ಮಾಡಿತು. ಆಮೇಲೆ ಬಂದ ಅಧ್ಯಯನಗಳು ಒಂದೊಂದೂ ಒಂದೊಂದು ಪಟ್ಟಿ ಕೊಟ್ಟವು. ಕಾರಣ ನಿಗೂಢವಲ್ಲ: ಕೆಂಪು ರಕ್ತಕಣಗಳಲ್ಲೇ ಮಿಆರ್-451, ಮಿಆರ್-16 ತುಂಬಿವೆ, ಟ್ಯೂಬಿನಲ್ಲಿ ಕಣ ಒಡೆದರೆ ಅಳತೆಯೇ ಕೆಡುತ್ತದೆ. ಬಿಸಿಲಲ್ಲಿ ಸ್ಕೂಟರಿನ ಮೇಲೆ ಲ್ಯಾಬಿಗೆ ಹೋಗುವ ಮಾದರಿಗಳ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ಇಂಥ ಬಹುತೇಕ ಅಧ್ಯಯನಗಳು ರೋಗ ಖಚಿತವಾದವರನ್ನು ಒಂದು ಕಡೆ, ಆರೋಗ್ಯವಂತರನ್ನು ಇನ್ನೊಂದು ಕಡೆ ನಿಲ್ಲಿಸಿ ಹೋಲಿಸಿದವು. ಬೀದಿಯ ಲೆಕ್ಕ ಬೇರೆ. ಹತ್ತು ಸಾವಿರ ಹೆಂಗಸರಲ್ಲಿ ಇಪ್ಪತ್ತು ಮಂದಿಗೆ ರೋಗವಿದೆ, ಪರೀಕ್ಷೆ ಆರೋಗ್ಯವಂತರಲ್ಲಿ ನೂರಕ್ಕೆ ಐದು ಜನರ ವಿಷಯದಲ್ಲಿ ತಪ್ಪುತ್ತದೆ ಎಂದಿಟ್ಟುಕೊಳ್ಳಿ. ಸುಮಾರು ಐನೂರು ಮಂದಿ ಸುಮ್ಮನೆ ಹೆದರುತ್ತಾರೆ.

ಮ್ಯಾಮೋಗ್ರಾಂ ದುಬಾರಿ, ಕಿರಿಯರ ದಟ್ಟ ಸ್ತನದಲ್ಲಿ ಅದು ಮಬ್ಬು, ನಮ್ಮಲ್ಲಿ ರೋಗ ಪಶ್ಚಿಮಕ್ಕಿಂತ ಚಿಕ್ಕ ವಯಸ್ಸಿಗೇ ಬರುತ್ತದೆ, ಹಾಗಾಗಿ ರಕ್ತಪರೀಕ್ಷೆಯೇ ದಾರಿ ಎನ್ನುವವರಿದ್ದಾರೆ. ಅಗತ್ಯ ನಿಜ, ಆದರೆ ಅಗತ್ಯವಿದೆ ಎಂದ ಮಾತ್ರಕ್ಕೆ ಪುರಾವೆ ಹುಟ್ಟುವುದಿಲ್ಲ. ಮುಂಬಯಿಯಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ 1998ರಿಂದ ಒಂದೂವರೆ ಲಕ್ಷ ಹೆಂಗಸರ ಮೇಲೆ ನಡೆಸಿದ ಪ್ರಯೋಗ ನೋಡಿ. ಅರ್ಧದಷ್ಟು ಮಂದಿಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನ ಪರೀಕ್ಷಿಸಿದರು. ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಶೇ. 30ರಷ್ಟು ಇಳಿಯಿತು, ಕಿರಿಯರಲ್ಲಿ ಇಳಿಯಲಿಲ್ಲ. ಇಷ್ಟನ್ನು ಹೇಳಲು ಇಪ್ಪತ್ತು ವರ್ಷ ಹಿಡಿಯಿತು. ಮೈಕ್ರೋಆರ್‌ಎನ್‌ಎ ಪರೀಕ್ಷೆಯೂ ಅಂಥದೇ ಲೆಕ್ಕ ಒಪ್ಪಿಸಲಿ. ಅಲ್ಲಿಯವರೆಗೆ, ಸ್ತನದಲ್ಲಿ ಗಂಟು ಕೈಗೆ ಸಿಕ್ಕವರು ಯಾವ ರಕ್ತಪರೀಕ್ಷೆಗೂ ಕಾಯದೆ ಡಾಕ್ಟರಿಗೆ ತೋರಿಸಿಕೊಳ್ಳಿ.