ಐಟಿ ಸಿಲಬಸ್ ಬರೆಯೋರು ಯಾರು? ಇಂಜಿನಿಯರಿಂಗ್ ತರಗತಿಯ ಹಿಂದಿನ ರಾಜಕಾರಣ: ಒಂದು ಕೈಪಿಡಿ

ಒಂದು ಚಿಕ್ಕ ಪ್ರಶ್ನೆಯಿಂದ ಶುರು ಮಾಡೋಣ. ‘ಮೈಸೂರು’ ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ?

ಒಂದನೇ ತರಗತಿಯ ಮಗು ‘ಮೂರು’ ಅನ್ನುತ್ತೆ. ಯೂನಿಕೋಡ್ ಲೆಕ್ಕದಲ್ಲಿ ಆರು: ಮ, ಐತ್ವ, ಸ, ಕೊಂಬಿನ ದೀರ್ಘ, ರ, ಕೊಂಬು. ಸಿ ಭಾಷೆಯಲ್ಲಿ ಪದದ ಉದ್ದ ಹೇಳುವ ‘ಸ್ಟ್ರ್‌ಲೆನ್’ ಫಂಕ್ಷನ್ನನ್ನು ಕೇಳಿದರೆ 18 ಅನ್ನುತ್ತೆ. ಯಾಕೆಂದರೆ ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ ಕನ್ನಡದ ಪ್ರತಿ ಚಿಹ್ನೆಯೂ ಮೂರು ಬೈಟ್ ಜಾಗ ಹಿಡಿಯುತ್ತದೆ. ಇನ್ನು ಇಂಜಿನಿಯರಿಂಗ್ ಲ್ಯಾಬಿನಲ್ಲಿ ಎಲ್ಲರೂ ಬರೆಯುವ ‘ಪದವನ್ನು ತಿರುಗಿಸಿ’ ಪ್ರೋಗ್ರಾಂಗೆ ಇದೇ ಪದ ಕೊಟ್ಟು ನೋಡಿ, ಬರೀ ಕಸ ಬರುತ್ತದೆ. ಬೈಟ್ ಬಿಟ್ಟು ಯೂನಿಕೋಡ್ ಚಿಹ್ನೆಗಳನ್ನೇ ತಿರುಗಿಸಿದರೂ ಮೊದಲಿಗೆ ಒಂದು ಅನಾಥ ಕೊಂಬು, ಅದರ ಹಿಂದೆ ‘ರೂಸೈಮ’.

ಮೂರೂ ಉತ್ತರ ಸರಿಯೇ. ಆದರೆ ಬೆಂಗಳೂರಿನಂಥ ಐಟಿ ರಾಜಧಾನಿ ಇರುವ ರಾಜ್ಯದಲ್ಲಿ, ಈ ಮೂರರ ನಡುವಿನ ವ್ಯತ್ಯಾಸವನ್ನು ಒಮ್ಮೆಯೂ ಕೇಳದೆ ಕಂಪ್ಯೂಟರ್ ಪದವಿ ಮುಗಿಸೋದು ತೀರಾ ಸುಲಭ. ಹಾಗಂತ ಯಾರೂ ಕೂತು ಪಿತೂರಿ ಮಾಡಿಲ್ಲ. ಲ್ಯಾಬಿನ ಉದಾಹರಣೆಗಳೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿದ್ದವು, ಹಾಗೇ ಉಳಿದವು ಅಷ್ಟೆ. ಹಾಗಾದ್ರೆ ಏನಿರಬೇಕು, ಏನಿರಬಾರದು ಅಂತ ತೀರ್ಮಾನ ಮಾಡೋರು ಯಾರು?

ಎಲ್ಲಿಂದ ಶುರುವಾಯ್ತು?

ಭಾರತದ ವಿಶ್ವವಿದ್ಯಾಲಯಗಳಲ್ಲಿ ಕಂಪ್ಯೂಟರ್ ಪಾಠದ ಕಥೆ ಹೆಚ್ಚುಕಮ್ಮಿ ಐಐಟಿ ಕಾನ್ಪುರದಿಂದ ಶುರುವಾಗುತ್ತದೆ. ಅಮೆರಿಕದ ನೆರವಿನ ಯೋಜನೆಯಡಿ 1963ರಲ್ಲಿ ಅಲ್ಲಿಗೆ ಐಬಿಎಂ 1620 ಯಂತ್ರ ಬಂತು. ವಿ. ರಾಜಾರಾಮನ್, ಎಚ್.ಎನ್. ಮಹಾಬಲ ಅವರಂಥ ಅಧ್ಯಾಪಕರು ಅದರ ಸುತ್ತ ಪಾಠ ಕಟ್ಟಿದರು. 1960ರ ದಶಕದ ಮಧ್ಯದಲ್ಲಿ ಅಲ್ಲಿ ಕಂಪ್ಯೂಟರ್ ವಿಷಯದಲ್ಲಿ ಎಂ.ಟೆಕ್ ಶುರುವಾಯಿತು. ಮುಂದೆ ಇನ್ಫೋಸಿಸ್ ಕಟ್ಟಿದ ನಾರಾಯಣಮೂರ್ತಿ 1969ರಲ್ಲಿ ಎಂ.ಟೆಕ್ ಮುಗಿಸಿದ್ದೂ ಕಾನ್ಪುರದಲ್ಲೇ.

ರಾಜಾರಾಮನ್ 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಎಂಸಿಎ ಪದವಿಯ ಕಲ್ಪನೆಯ ಹಿಂದೆಯೂ ಅವರ ನೇತೃತ್ವದ ಸಮಿತಿ ಇತ್ತು. ಇಂಜಿನಿಯರಿಂಗ್ ಓದದ, ಬಿ.ಎಸ್ಸಿ ಅಥವಾ ಬಿ.ಕಾಂ ಮಾಡಿದ ಮಕ್ಕಳಿಗೂ ಈ ಕ್ಷೇತ್ರದ ಬಾಗಿಲು ತೆರೆಯಬೇಕು ಎಂಬುದು ಅದರ ಆಶಯ. ಸಣ್ಣ ಊರುಗಳ ಸಾವಿರಾರು ಹುಡುಗ ಹುಡುಗಿಯರು ಐಟಿಗೆ ಬಂದದ್ದು ಈ ಬಾಗಿಲಿನಿಂದ. ಮೂರು ವರ್ಷದ ಆ ಕೋರ್ಸನ್ನು 2020ರಲ್ಲಿ ಎರಡು ವರ್ಷಕ್ಕೆ ಇಳಿಸಲಾಯಿತು. ಕೋರ್ಸಿನ ಅವಧಿ, ಪ್ರವೇಶದ ಅರ್ಹತೆ ಇವೆಲ್ಲ ಬರೀ ಆಡಳಿತದ ವಿಷಯ ಅಂದುಕೊಳ್ಳಬೇಡಿ. ಯಾರಿಗೆ ಬಾಗಿಲು, ಯಾರಿಗೆ ಗೋಡೆ ಎಂಬುದು ಅಲ್ಲೇ ತೀರ್ಮಾನ ಆಗೋದು.

ಸಿಎಸ್, ಐಎಸ್, ಐಟಿ: ವ್ಯತ್ಯಾಸ ಏನು?

ಅಮೆರಿಕದ ಎಸಿಎಂ ಎಂಬ ಕಂಪ್ಯೂಟಿಂಗ್ ಸಂಘಟನೆ 1968ರಲ್ಲಿ ಮೊದಲ ಮಾದರಿ ಪಠ್ಯಕ್ರಮ ಪ್ರಕಟಿಸಿತು. ಆಮೇಲೆ ಐಇಇಇ ಜೊತೆ ಸೇರಿ ಪ್ರತಿ ಹತ್ತು ವರ್ಷಕ್ಕೊಮ್ಮೆ ಅದನ್ನು ತಿದ್ದುತ್ತಾ ಬಂದಿದೆ. ಈ ಸರಣಿಯಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಒಂದು, ಇನ್‌ಫರ್ಮೇಷನ್ ಟೆಕ್ನಾಲಜಿಗೆ ಇನ್ನೊಂದು ದಾಖಲೆ ಇದೆ. ಸ್ಥೂಲವಾಗಿ ಹೇಳೋದಾದರೆ, ಕಂಪ್ಯೂಟರ್ ಸೈನ್ಸ್ ಲೆಕ್ಕಾಚಾರದ ತತ್ವ ಕೇಳುತ್ತದೆ. ಐಟಿ ಆ ತತ್ವವನ್ನು ಒಂದು ಆಸ್ಪತ್ರೆ, ಬ್ಯಾಂಕು ಅಥವಾ ಪಂಚಾಯ್ತಿಯಲ್ಲಿ ಬಳಕೆದಾರರಿಗೆ ಕೆಲಸಕ್ಕೆ ಬರುವ ಹಾಗೆ ಜೋಡಿಸೋದು ಹೇಗೆ ಅಂತ ಕೇಳುತ್ತದೆ.

ನಮ್ಮಲ್ಲಿ ಈ ಗೆರೆ ಅಳಿಸಿಹೋಗಿದೆ. ವಿಟಿಯುವಿನಲ್ಲಿ ಇರೋದು ‘ಇನ್‌ಫರ್ಮೇಷನ್ ಸೈನ್ಸ್’. ಅದರ ಸಿಲಬಸ್ ಕಂಪ್ಯೂಟರ್ ಸೈನ್ಸ್‌ನ ಅವಳಿ ಇದ್ದ ಹಾಗೆ. ಈಗ ಎಐ ಮತ್ತು ಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಅಂತ ಹೊಸ ಬೋರ್ಡುಗಳೂ ಬಂದಿವೆ. ಬೋರ್ಡು ಬದಲಾದಷ್ಟು ಬೇಗ ಒಳಗಿನ ಪಾಠ ಬದಲಾಗಲ್ಲ.

ತೀರ್ಮಾನ ಮಾಡೋರು ಯಾರು?

ಇದರಲ್ಲಿ ಹಲವು ಪದರಗಳಿವೆ.

ಮೊದಲನೆಯದು ಎಐಸಿಟಿಇ. 1987ರ ಕಾಯ್ದೆಯಿಂದ ಶಾಸನಬದ್ಧ ಅಧಿಕಾರ ಪಡೆದ ಈ ಕೇಂದ್ರ ಸಂಸ್ಥೆ ಕಾಲೇಜುಗಳಿಗೆ ಅನುಮತಿ ಕೊಡುತ್ತದೆ, ಮಾದರಿ ಪಠ್ಯಕ್ರಮವನ್ನೂ ಪ್ರಕಟಿಸುತ್ತದೆ. 2018ರ ಮಾದರಿಯಲ್ಲಿ ನಾಲ್ಕು ವರ್ಷದ ಪದವಿಗೆ 160 ಕ್ರೆಡಿಟ್ ಸಾಕು ಎಂದು ಹೊರೆ ಇಳಿಸಿತು. 2024-25ರಿಂದ ಬಿಸಿಎ ಕೂಡ ಅದರ ವ್ಯಾಪ್ತಿಗೆ ಬಂದಿದೆ.

ಎರಡನೆಯದು ಎನ್‌ಬಿಎ, ಅಂದರೆ ಕೋರ್ಸುಗಳಿಗೆ ಮಾನ್ಯತೆ ಕೊಡುವ ಮಂಡಳಿ. 2014ರಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾದ ಮೇಲೆ ‘ಫಲಿತಾಂಶ ಆಧಾರಿತ ಶಿಕ್ಷಣ’ ಕಡ್ಡಾಯದಂತಾಯಿತು. ಬಹುಕಾಲ ಬಳಕೆಯಲ್ಲಿದ್ದ 12 ಫಲಿತಾಂಶಗಳ ಪಟ್ಟಿಯಲ್ಲಿ ‘ಇಂಜಿನಿಯರ್ ಮತ್ತು ಸಮಾಜ’ ಒಂದು, ‘ನೀತಿ’ ಇನ್ನೊಂದು. ಕಾಗದದ ಮೇಲೆ ಚೆನ್ನಾಗೇ ಇದೆ. ಕಾಲೇಜಿನಲ್ಲಿ ಮಾತ್ರ ಇದು ಮೇಷ್ಟ್ರುಗಳು ರಾತ್ರಿ ಕೂತು ತುಂಬುವ ಎಕ್ಸೆಲ್ ಕೋಷ್ಟಕವಾಗಿದೆ.

ಮೂರನೆಯದು ವಿಶ್ವವಿದ್ಯಾಲಯ. ಬೆಳಗಾವಿಯಲ್ಲಿ ಕೇಂದ್ರ ಇರುವ ವಿಟಿಯು 1998ರಲ್ಲಿ ಶುರುವಾಯಿತು. ಅದಕ್ಕೂ ಮುಂಚೆ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳು ಬೇರೆ ಬೇರೆ ವಿವಿಗಳ ಅಡಿಯಲ್ಲಿದ್ದವು. ಈಗ ವಿಟಿಯು ಅಡಿಯಲ್ಲಿ 200ಕ್ಕೂ ಹೆಚ್ಚು ಕಾಲೇಜುಗಳಿವೆ. ಇಲ್ಲಿ ‘ಬೋರ್ಡ್ ಆಫ್ ಸ್ಟಡೀಸ್’ ಅಂದರೆ ಅಧ್ಯಯನ ಮಂಡಳಿ ಸಿಲಬಸ್ ತಯಾರಿಸುತ್ತದೆ, ಅಕಾಡೆಮಿಕ್ ಸಂಸ್ಥೆಗಳು ಒಪ್ಪಿಗೆ ಕೊಡುತ್ತವೆ. ಹೀಗೆ ಬಂದದ್ದೇ ನೀವು ಕೇಳಿರುವ 2015, 2018, 2022ರ ‘ಸ್ಕೀಮ್’ಗಳು.

ನಾಲ್ಕನೆಯದು ಸ್ವಾಯತ್ತ ಕಾಲೇಜು. ಇವು ಸ್ವಂತ ಸಿಲಬಸ್ ಮಾಡಬಹುದು, ಪದವಿ ಮಾತ್ರ ವಿವಿಯದ್ದು. ಯುಜಿಸಿ ನಿಯಮದ ಪ್ರಕಾರ ಇಂಥ ಕಾಲೇಜಿನ ಅಧ್ಯಯನ ಮಂಡಳಿಯಲ್ಲಿ ವಿಭಾಗದ ಅಧ್ಯಾಪಕರು, ಹೊರಗಿನ ವಿಷಯತಜ್ಞರು, ಉದ್ಯಮದ ಒಬ್ಬ ಪ್ರತಿನಿಧಿ, ಒಬ್ಬ ಹಳೇ ವಿದ್ಯಾರ್ಥಿ ಇರುತ್ತಾರೆ.

ಈ ಪಟ್ಟಿಯನ್ನ ಇನ್ನೊಮ್ಮೆ ಓದಿ. ಕಂಪನಿಗೆ ಒಂದು ಕುರ್ಚಿ ಇದೆ. ಈಗ ಓದುತ್ತಿರುವ ವಿದ್ಯಾರ್ಥಿಗೆ ಇಲ್ಲ. ತಂತ್ರಜ್ಞಾನದ ಪರಿಣಾಮ ಅನುಭವಿಸುವ ಸಮಾಜಕ್ಕಂತೂ ಇಲ್ವೇ ಇಲ್ಲ.

ಸಿಲಬಸ್ ಒಂದು, ಪರೀಕ್ಷೆ ಇನ್ನೊಂದು

ಸಿಲಬಸ್ ಎಷ್ಟೇ ಚೆನ್ನಾಗಿರಲಿ, ತರಗತಿಯನ್ನು ಆಳೋದು ಪರೀಕ್ಷೆ. ವಿಟಿಯು ಮಾದರಿಯಲ್ಲಿ ಒಂದು ವಿಷಯಕ್ಕೆ ಐದು ಮಾಡ್ಯೂಲ್. ಪ್ರತಿ ಮಾಡ್ಯೂಲ್‌ನಿಂದ 20 ಅಂಕದ ಎರಡು ಪ್ರಶ್ನೆ, ಒಂದಕ್ಕೆ ಉತ್ತರ ಬರೆದರೆ ಸಾಕು. ಸೆಮಿಸ್ಟರ್ ಪರೀಕ್ಷೆ ಪಾಸಾಗೋಕೆ ಬೇಕಾದದ್ದು 100ಕ್ಕೆ 35. ಅಂದರೆ ಎರಡು ಮಾಡ್ಯೂಲ್ ಅರೆದು ಕುಡಿದರೆ 40 ಅಂಕ ಸಿಗುತ್ತೆ, ಉಳಿದ ಮೂರರ ಕಡೆ ತಲೆ ಹಾಕದಿದ್ದರೂ ನಡೆಯುತ್ತೆ. ಸಿಲಬಸ್‌ಗೆ ಹೊಸ ವಿಷಯ ಸೇರಿಸಿದೆವು ಅಂತ ಮಂಡಳಿ ಹೇಳಬಹುದು. ಅದು ಐದನೇ ಮಾಡ್ಯೂಲ್‌ಗೆ ಹೋದರೆ ಎಷ್ಟು ಜನ ಓದ್ತಾರೆ ಅನ್ನೋದು ನಿಮಗೇ ಗೊತ್ತು.

ಇದಕ್ಕೆ ಪರಿಹಾರವಾಗಿ ಆಂತರಿಕ ಮೌಲ್ಯಮಾಪನದ ಪಾಲು ಏರುತ್ತಾ ಬಂದಿದೆ. 2015ರ ಸ್ಕೀಮ್‌ನಲ್ಲಿ 20, 2018ರಲ್ಲಿ 40, 2022ರಲ್ಲಿ 50. ಇದರಿಂದ ಪ್ರಾಜೆಕ್ಟ್, ಪ್ರಯೋಗಗಳಿಗೆ ಜಾಗ ಸಿಗುತ್ತದೆ, ನಿಜ. ಜೊತೆಗೆ ಅರ್ಧ ಅಂಕ ಕಾಲೇಜಿನ ಕೈಗೆ ಹೋಗುತ್ತದೆ. ಪ್ರಶ್ನೆ ಕೇಳುವ ವಿದ್ಯಾರ್ಥಿಗೆ ಅದು ತೂಗುಗತ್ತಿಯೂ ಹೌದು.

ಕಲಿಸೋರ ಲೆಕ್ಕವನ್ನೂ ನೋಡಿ. ಎಐಸಿಟಿಇ ಪ್ರಕಾರ 20 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ. ವರ್ಷಕ್ಕೆ 60 ಸೀಟಿನ ಒಂದು ವಿಭಾಗ ಅಂದರೆ ನಾಲ್ಕು ವರ್ಷಕ್ಕೆ 240 ಮಕ್ಕಳು, 12 ಅಧ್ಯಾಪಕರು. ಒಂದು ಬ್ರಾಂಚಿಗೆ ಇಷ್ಟೇ ಸೀಟು ಎಂಬ ಮಿತಿಯನ್ನು 2024-25ರಿಂದ ಅರ್ಹ ಕಾಲೇಜುಗಳಿಗೆ ತೆಗೆದುಹಾಕಲಾಯಿತು. ಅದೇ ವಿಭಾಗ 360 ಸೀಟಿಗೆ ಏರಿದರೆ 72 ಅಧ್ಯಾಪಕರು ಬೇಕು. ಕಂಪನಿಯಲ್ಲಿ ಹೆಚ್ಚು ಸಂಬಳ ಸಿಗುವ ವಿಷಯದಲ್ಲಿ ಅಷ್ಟು ಒಳ್ಳೆಯ ಮೇಷ್ಟ್ರು ಎಲ್ಲಿಂದ ಬರಬೇಕು?

ಕಂಪನಿಗಳಿಗೆ ಏನು ಬೇಕು?

‘ನಿಮ್ಮ ಪದವೀಧರರು ಕೆಲಸಕ್ಕೆ ರೆಡಿ ಇಲ್ಲ’ ಎಂಬುದು ಉದ್ಯಮದ ಹಳೇ ದೂರು. ಇನ್ಫೋಸಿಸ್ 2004ರಲ್ಲಿ ಕಾಲೇಜುಗಳ ಜೊತೆ ‘ಕ್ಯಾಂಪಸ್ ಕನೆಕ್ಟ್’ ಶುರು ಮಾಡಿತು. ಮೈಸೂರಿನಲ್ಲಿ ದೊಡ್ಡ ತರಬೇತಿ ಕ್ಯಾಂಪಸ್ಸನ್ನೇ ಕಟ್ಟಿತು. ಅಂದರೆ ತರಬೇತಿಯ ಖರ್ಚನ್ನು ಆಗ ಕಂಪನಿಯೇ ಹೊರುತ್ತಿತ್ತು.

ಈಗ ಆ ಖರ್ಚು ನಿಧಾನವಾಗಿ ವಿದ್ಯಾರ್ಥಿಯ ಹೆಗಲಿಗೆ ಜಾರುತ್ತಿದೆ. ಸರ್ಟಿಫಿಕೇಟ್ ಕೋರ್ಸು, ಕೋಚಿಂಗು, ಸಂಬಳವಿಲ್ಲದ ಇಂಟರ್ನ್‌ಶಿಪ್ಪು. 2025ರ ಫೆಬ್ರವರಿಯಲ್ಲಿ ಅದೇ ಮೈಸೂರು ಕ್ಯಾಂಪಸ್ಸಿನಿಂದ 300ಕ್ಕೂ ಹೆಚ್ಚು ಟ್ರೈನಿಗಳನ್ನು ಹೊರಕಳಿಸಿದಾಗ ಕಂಪನಿ ಕೊಟ್ಟ ಕಾರಣ, ಮೂರು ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆ ಪಾಸಾಗಲಿಲ್ಲ ಎಂಬುದು. ಯಾರ ತಪ್ಪು ಎಂಬ ವಾದ ಇರಲಿ. ಸಿಲಬಸ್ಸಿಗೂ ಕೆಲಸಕ್ಕೂ ನಡುವಿನ ಕಂದಕಕ್ಕೆ ಬೀಳೋದು ವಿವಿಯೂ ಅಲ್ಲ, ಕಂಪನಿಯೂ ಅಲ್ಲ. ಸಾಲ ಮಾಡಿ ಓದಿದ 22 ವರ್ಷದ ಮಕ್ಕಳು.

ಹಾಗಂತ ಸಿಲಬಸ್ಸನ್ನು ಪೂರ್ತಿ ಕಂಪನಿಗೆ ಒಪ್ಪಿಸಿದರೆ ಪರಿಹಾರ ಸಿಗುತ್ತಾ? ಇವತ್ತಿನ ಫ್ರೇಮ್‌ವರ್ಕ್ ಐದು ವರ್ಷದಲ್ಲಿ ಹಳಸುತ್ತದೆ. ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಂ, ನೆಟ್‌ವರ್ಕ್, ಡೇಟಾಬೇಸ್ ತತ್ವಗಳು ಹಳಸಲ್ಲ. ಕೋಡನ್ನು ಎಐ ಬರೆದುಕೊಡುವ ಈ ಕಾಲದಲ್ಲಿ, ಅದು ಬರೆದದ್ದು ಸರಿಯೋ ತಪ್ಪೋ ಅಂತ ಹೇಳೋಕೆ ಬೇಕಾಗೋದು ಈ ತತ್ವಗಳೇ.

ಇಲ್ಲದಿರುವ ಪಾಠಗಳು

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಪ್ರಕರಣ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ವಿಷಯ ಆಧಾರ್. 2023ರಲ್ಲಿ ಡೇಟಾ ಸಂರಕ್ಷಣಾ ಕಾಯ್ದೆಯೂ ಬಂತು. ನಾಳೆ ಜನರ ಬೆರಳಚ್ಚು, ರೇಷನ್ ಕಾರ್ಡು, ಆಸ್ಪತ್ರೆ ದಾಖಲೆ ಇಟ್ಟುಕೊಳ್ಳುವ ಸಾಫ್ಟ್‌ವೇರ್ ಬರೆಯೋರು ಇಂದಿನ ವಿದ್ಯಾರ್ಥಿಗಳು. ಅವರಿಗೆ ಸಂವಿಧಾನ ಸಿಗೋದು ಒಂದು ಕ್ರೆಡಿಟ್‌ನ ವಿಷಯವಾಗಿ. ಡೇಟಾಬೇಸ್ ಪಾಠದೊಳಗೆ, ‘ಈ ಕಾಲಂ ನಿಜಕ್ಕೂ ಬೇಕಾ? ಜಾತಿ, ಕಾಯಿಲೆ ಇದನ್ನೆಲ್ಲ ಯಾರು ನೋಡಬಹುದು?’ ಎಂಬ ಪ್ರಶ್ನೆಯಾಗಿ ಅದು ಬರಬೇಕಿತ್ತು.

ಕನ್ನಡದ ಕಥೆಯೂ ಹೀಗೇ. ‘ಸಾಂಸ್ಕೃತಿಕ ಕನ್ನಡ’, ‘ಬಳಕೆ ಕನ್ನಡ’ ಎಂಬ ಒಂದು ಕ್ರೆಡಿಟ್‌ನ ವಿಷಯಗಳಿವೆ. 2021ರಲ್ಲಿ ಎಐಸಿಟಿಇ ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅವಕಾಶ ಕೊಟ್ಟಾಗ ಕನ್ನಡ ಮಾಧ್ಯಮಕ್ಕೆ ಸ್ಪಂದನೆ ಅತ್ಯಲ್ಪ. ಪ್ಲೇಸ್‌ಮೆಂಟ್ ಸಂದರ್ಶನ ಇಂಗ್ಲಿಷಿನಲ್ಲಿ ಇರುವಾಗ ಅಪ್ಪ ಅಮ್ಮಂದಿರನ್ನು ದೂರಿ ಫಲವಿಲ್ಲ. ಆದರೆ ಕನ್ನಡದ ಜಾಗ ಬರೀ ಮಾಧ್ಯಮದಲ್ಲಿಲ್ಲ. ಕನ್ನಡ ಪದ ಹುಡುಕುವ, ಜೋಡಿಸುವ, ಓದಿ ಹೇಳುವ ಪ್ರೋಗ್ರಾಂ ಲ್ಯಾಬಿನ ಪ್ರಯೋಗವೇ ಆದರೆ, ಇಂಗ್ಲಿಷಿನಲ್ಲಿ ಪಾಠ ಕೇಳುವವರೂ ಕನ್ನಡಕ್ಕೆ ಕೆಲಸ ಮಾಡ್ತಾರೆ.

ನೀವೇನು ಮಾಡಬಹುದು?

ಒಂದು, ಮಾಹಿತಿ ಕೇಳಿ. ವಿಟಿಯು ಸಾರ್ವಜನಿಕ ಪ್ರಾಧಿಕಾರ, ಆರ್‌ಟಿಐ 2005ರ ವ್ಯಾಪ್ತಿಗೆ ಬರುತ್ತದೆ. ನಿಮ್ಮ ಬ್ರಾಂಚಿನ ಅಧ್ಯಯನ ಮಂಡಳಿಯ ಸದಸ್ಯರ ಪಟ್ಟಿ, ಸಭೆಯ ನಡಾವಳಿ ಕೊಡಿ ಅಂತ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು.

ಎರಡು, ಕುರ್ಚಿ ಕೇಳಿ. ಕಂಪನಿಗೆ ಒಂದು ಕುರ್ಚಿ ಇರಬಹುದಾದರೆ, ಓದುತ್ತಿರುವ ವಿದ್ಯಾರ್ಥಿಗೆ ಒಂದು ಯಾಕಿಲ್ಲ? ಶುಲ್ಕ ಏರಿದಾಗ ಬೀದಿಗಿಳಿಯುವ ವಿದ್ಯಾರ್ಥಿ ಸಂಘಟನೆಗಳು ಸಿಲಬಸ್ ವಿಷಯದಲ್ಲಿ ಮೌನವಾಗಿರೋದು ಯಾಕೆ ಅಂತ ಅವರನ್ನೂ ಕೇಳಬೇಕು.

ಮೂರು, ಮುಂದಿನ ಲ್ಯಾಬಿನಲ್ಲಿ ಇಂಗ್ಲಿಷ್ ಪದದ ಬದಲು ‘ಮೈಸೂರು’ ಟೈಪ್ ಮಾಡಿ. ಔಟ್‌ಪುಟ್ ಕೆಟ್ಟು ಬರುತ್ತೆ. ಯಾಕೆ ಹೀಗಾಯ್ತು ಅಂತ ಮೇಷ್ಟ್ರನ್ನ ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ಇಬ್ಬರೂ ಕೂತು ಹುಡುಕಿ. ಉತ್ತರ ಸಿಕ್ಕಿದ ದಿನ ಅದನ್ನ ನಿಮ್ಮ ಜೂನಿಯರ್‌ಗಳಿಗೂ ಹೇಳಿಕೊಡಿ.